ಫ್ಲೈ ಬೈ ವೈರ್ ಇದ್ದರೆ ಹಾರಿಸುವ ಮಜಾ ಹೋಗುತ್ತದಾ? ಕಾಂಬ್ಯಾಟ್ ಸಿಮ್ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಂಬ್ಯಾಟ್ ಸಿಮ್ ಅಂದರೆ ಯುದ್ಧವಿಮಾನವನ್ನು ನಿಜದ ಹಾಗೆ ಹಾರಿಸುವ ಕಂಪ್ಯೂಟರ್ ಆಟ. ಅಂಥ ಡಿಸಿಎಸ್ ಅಥವಾ ಫಾಲ್ಕನ್ ಬಿಎಂಎಸ್ ಶುರು ಮಾಡಿ ಒಂದೆರಡು ತಿಂಗಳಾಗುವಷ್ಟರಲ್ಲಿ ಒಂದು ಮಾತು ಬಂದೇ ಬರುತ್ತದೆ. "ಎಫ್-16 ಚೆನ್ನಾಗಿದೆ, ಆದರೆ ಏನೋ ಸಪ್ಪೆ." ಐಎಲ್-2 ಅನ್ನುವ ಸಿಮ್‌ನಲ್ಲಿ ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಹಾರಿಸಿ ಬಂದವರಂತೂ "ಕಂಪ್ಯೂಟರ್ ಹಾರಿಸುತ್ತೆ, ನಾವು ಸುಮ್ನೆ ಕೂತಿರ್ತೀವಿ" ಅಂತಲೇ ಹೇಳಿಬಿಡುತ್ತಾರೆ. ನಾನೂ ಹಾಗೆ ಅಂದವನೇ. ಈಗ ಹಾಗೆ ಅನಿಸುವುದಿಲ್ಲ. ಯಾಕೆ ಅಂತ ಹೊಸಬರಿಗೆ ಪ್ರತಿ ಸಲ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಎಲ್ಲ ಪ್ರಶ್ನೆಗಳನ್ನೂ ಒಂದೇ ಕಡೆ ಹಾಕಿದ್ದೇನೆ.

ಫ್ಲೈ ಬೈ ವೈರ್ ಅಂದರೆ ಏನು?

ಹಳೇ ವಿಮಾನಗಳಲ್ಲಿ ಪೈಲಟ್ ಹಿಡಿಯುವ ಸ್ಟಿಕ್ಕಿಗೂ ಎಲಿವೇಟರಿಗೂ (ಮೂಗನ್ನು ಏರಿಸಿಳಿಸುವ ಬಾಲದ ಹಲಗೆ) ನಡುವೆ ಕೇಬಲ್ಲು, ಸರಳು, ರಾಟೆ ಇರುತ್ತಿದ್ದವು. ಸ್ಟಿಕ್ ಎಷ್ಟು ಎಳೆದರೆ ಎಲಿವೇಟರ್ ಅಷ್ಟು ಏಳುತ್ತಿತ್ತು. ಫ್ಲೈ ಬೈ ವೈರ್‌ನಲ್ಲಿ ಸ್ಟಿಕ್ ಎಳೆದರೆ ಕಂಪ್ಯೂಟರಿಗೆ ಒಂದು ಬೇಡಿಕೆ ಹೋಗುತ್ತದೆ, ಅಷ್ಟೇ. "ನನಗೆ 4 ಜಿ ಬೇಕು." ಜಿ ಅಂದರೆ ತಿರುವಿನಲ್ಲಿ ಮೈ ಮೇಲೆ ಬೀಳುವ ಭಾರ, 4 ಜಿ ಅಂದರೆ ನಿಮ್ಮ ತೂಕದ ನಾಲ್ಕರಷ್ಟು. ಆ 4 ಜಿ ಬರಲು ಬಾಲದ ರೆಕ್ಕೆ ಎಷ್ಟು ತಿರುಗಬೇಕು ಅನ್ನುವುದು ಕಂಪ್ಯೂಟರಿನ ತಲೆನೋವು. ಸ್ಪೀಡ್ ಬದಲಾಗಲಿ, ಎತ್ತರ ಬದಲಾಗಲಿ, ನಿಮ್ಮ ಕೈಯ ಅಳತೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ನಾಸಾ 1972ರ ಮೇ 25ರಂದು ಒಂದು ಎಫ್-8 ಕ್ರುಸೇಡರ್ ವಿಮಾನವನ್ನು ಡಿಜಿಟಲ್ ಕಂಪ್ಯೂಟರ್ ನಂಬಿಕೊಂಡೇ ಹಾರಿಸಿತು. ಅಪೊಲೊ ಚಂದ್ರಯಾನಕ್ಕೆ ಅಂತ ಮಾಡಿದ್ದ ಕಂಪ್ಯೂಟರನ್ನೇ ತಂದು ಅದರೊಳಗೆ ಕೂರಿಸಿದ್ದರು.

ಎಫ್-16ಗೆ ಇದು ಯಾಕೆ ಬೇಕಾಯಿತು? ಹಳೇ ವಿಧಾನದಲ್ಲಿ ಏನು ತೊಂದರೆ ಇತ್ತು?

ಗಾಳಿಪಟ ಹಾರಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಲಂಗೋಚಿ ಉದ್ದ ಕಟ್ಟಿದರೆ ಪಟ ಅಲುಗಾಡದೆ ನಿಲ್ಲುತ್ತದೆ. ಆದರೆ ಪೇಚು ಹಾಕುವಾಗ ಬೇಕಾದ ಕಡೆ ಚುರುಕಾಗಿ ತಿರುಗುವುದಿಲ್ಲ. ಬಾಲಂಗೋಚಿ ಕಿತ್ತುಹಾಕಿದರೆ ಚಕ್ಕನೆ ತಿರುಗುತ್ತದೆ, ಆದರೆ ಒಂದು ಕ್ಷಣ ದಾರದ ಮೇಲಿನ ಗಮನ ತಪ್ಪಿದರೂ ಗೋತಾ ಹೊಡೆಯುತ್ತದೆ.

ಎಫ್-16 ಈ ಬಾಲಂಗೋಚಿ ಕಿತ್ತ ಪಟ. ಅದರ ಭಾರವನ್ನು ಬೇಕಂತಲೇ ಹಿಂದಕ್ಕೆ ತಳ್ಳಿ, ತಾನಾಗೇ ನೇರವಾಗುವ ಗುಣವನ್ನು ಕಮ್ಮಿ ಮಾಡಿದ್ದಾರೆ. ದಾರ ಹಿಡಿದು ಸೆಕೆಂಡಿಗೆ ಎಷ್ಟೋ ಸಲ ಜಗ್ಗುತ್ತಾ ಕೂರುವುದು ಮನುಷ್ಯನಿಂದ ಆಗುವ ಕೆಲಸವಲ್ಲ. ಅದಕ್ಕೇ ನಾಲ್ಕು ಪ್ರತ್ಯೇಕ ಚಾನೆಲ್‌ಗಳ ಕಂಟ್ರೋಲ್ ಸಿಸ್ಟಂ ಇಟ್ಟರು. ಒಂದು ಕೆಟ್ಟರೂ ಉಳಿದವು ನೋಡಿಕೊಳ್ಳುತ್ತವೆ. ಮೊದಲಿನ ಎಫ್-16ಗಳಲ್ಲಿ ಅದು ಅನಲಾಗ್ ಆಗಿತ್ತು, ಡಿಜಿಟಲ್ ಬಂದಿದ್ದು ಬ್ಲಾಕ್ 40ರಿಂದ. ಡಿಸಿಎಸ್‌ನಲ್ಲಿ ನೀವು ಹಾರಿಸುವುದು ಬ್ಲಾಕ್ 50.

ಕಂಪ್ಯೂಟರೇ ಎಲ್ಲ ಮಾಡಿದರೆ ನಮಗೇನು ಉಳಿಯಿತು?

ನಾನು ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ.

ಹಾರಿಸುವುದು ಅಂದರೆ ಎರಡು ಕೆಲಸ. ಒಂದು, ವಿಮಾನ ಬೀಳದಂತೆ ಹಿಡಿದುಕೊಳ್ಳುವುದು. ಇನ್ನೊಂದು, ಅದನ್ನು ಎಲ್ಲಿಗೆ, ಎಷ್ಟು ಸ್ಪೀಡಿನಲ್ಲಿ, ಯಾವಾಗ ತೆಗೆದುಕೊಂಡು ಹೋಗಬೇಕು ಅಂತ ತೀರ್ಮಾನಿಸುವುದು. ಫ್ಲೈ ಬೈ ವೈರ್ ಮೊದಲನೆಯದನ್ನು ನಿಮ್ಮ ಕೈಯಿಂದ ತೆಗೆದುಕೊಳ್ಳುತ್ತದೆ. ಎರಡನೆಯದಕ್ಕೆ ಕೈ ಹಾಕುವುದಿಲ್ಲ.

ಒಂದು ಡಾಗ್‌ಫೈಟ್, ಅಂದರೆ ವಿಮಾನಗಳ ಹತ್ತಿರದ ಕಾದಾಟ, ನೋಡೋಣ. ಎದುರಾಳಿ ಎದುರಿನಿಂದ ಬಂದು ಪಕ್ಕದಲ್ಲೇ ಸರ್ರನೆ ಹಾದುಹೋದ. ನೀವು ಫ್ಲೈ ಬೈ ವೈರ್ ಇಲ್ಲದ ಎಫ್-4 ಫ್ಯಾಂಟಮ್‌ನಲ್ಲಿದ್ದೀರಿ. ಸ್ಟಿಕ್ ಎಳೆದಿರಿ. ವಿಮಾನ ನಡುಗಲು ಶುರುವಾಯಿತು. ಕಿವಿಯಲ್ಲಿ ಎಒಎ ಟೋನ್ ಬದಲಾಯಿತು. ಎಒಎ ಅಂದರೆ ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ. ಇನ್ನೊಂದು ಚೂರು ಎಳೆಯಬಹುದಾ? ಎಳೆದಿರಿ, ರೆಕ್ಕೆ ತೊಯ್ದಾಡಿತು. ಸಡಿಲ ಬಿಟ್ಟಿರಿ. ಈಗ ರೋಲ್ ಮಾಡಬೇಕು, ಅಂದರೆ ವಿಮಾನವನ್ನು ಪಕ್ಕಕ್ಕೆ ಹೊರಳಿಸಬೇಕು. ಸ್ಟಿಕ್ ಪಕ್ಕಕ್ಕೆ ತಳ್ಳಿದರೆ ಮೂಗು ಉಲ್ಟಾ ಕಡೆ ಎಳೆದು ಸ್ಪಿನ್ ಆಗುವ (ಗಿರಕಿ ಹೊಡೆಯುತ್ತಾ ಬೀಳುವ) ಭಯ, ಅದಕ್ಕೆ ಕಾಲಿನಿಂದ ರಡ್ಡರ್ ಒತ್ತಿದಿರಿ. ಇಷ್ಟೆಲ್ಲ ಮಾಡಿ ತಲೆ ಎತ್ತಿ ನೋಡಿದರೆ ಎದುರಾಳಿ ಎಲ್ಲಿ? ಕಾಣಿಸುತ್ತಿಲ್ಲ.

ಅದೇ ಎಫ್-16ನಲ್ಲಿ ಸ್ಟಿಕ್ ಪೂರ್ತಿ ಎಳೆದು, ಕತ್ತು ಹಿಂದಕ್ಕೆ ತಿರುಗಿಸಿ, ಅವನನ್ನೇ ನೋಡುತ್ತಾ ಇರಬಹುದು. ಕಣ್ಣು ಪೂರ್ತಿ ಹೊರಗೆ. ಹೆಡ್ ಟ್ರ್ಯಾಕರ್ (ತಲೆ ತಿರುಗಿಸಿದರೆ ಪರದೆಯ ನೋಟವನ್ನೂ ತಿರುಗಿಸುವ ಸಾಧನ) ಅಥವಾ ವಿಆರ್ ಇದ್ದವರಿಗೆ ಇದರ ಬೆಲೆ ಗೊತ್ತು. ಫ್ಯಾಂಟಮ್‌ನಲ್ಲಿ ನೀವು ನಿಮ್ಮ ವಿಮಾನದ ಜೊತೆ ಗುದ್ದಾಡುತ್ತಿದ್ದಿರಿ, ಎಫ್-16ನಲ್ಲಿ ಎದುರಾಳಿಯ ಜೊತೆ ಗುದ್ದಾಡುತ್ತೀರಿ. ಹೊಸದರಲ್ಲಿ ಇದು ಗೊತ್ತಾಗುವುದಿಲ್ಲ. ಯಾಕೆಂದರೆ ಹೊಸಬರಿಗೆ ಎದುರಾಳಿಯನ್ನು ಓದಲು ಬರುವುದಿಲ್ಲ, ಹಾಗಾಗಿ ಕೈಗೆ ಕೆಲಸವಿಲ್ಲ ಅನಿಸುತ್ತದೆ.

ಪೂರ್ತಿ ಎಳೆದರೂ ಸ್ಟಾಲ್ ಆಗುವುದಿಲ್ಲ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದಿಲ್ಲ) ಅಂದಮೇಲೆ ಯಾವಾಗಲೂ ಪೂರ್ತಿ ಎಳೆದರಾಯಿತು ಅಲ್ವಾ?

ಹಾಗೆ ಎಳೆಯುವವರನ್ನು ಆನ್‌ಲೈನ್‌ನಲ್ಲಿ ಹೊಡೆದುರುಳಿಸುವುದು ತುಂಬಾ ಸುಲಭ.

ಎಫ್-16ನ ಲಿಮಿಟರ್ (ಮಿತಿ ಮೀರದಂತೆ ತಡೆಯುವ ಕಂಪ್ಯೂಟರಿನ ನಿಯಮ) 9 ಜಿವರೆಗೆ ಬಿಡುತ್ತದೆ, ಎಒಎಯನ್ನು 25 ಡಿಗ್ರಿ ಹತ್ತಿರ ತಡೆಯುತ್ತದೆ. ರೆಕ್ಕೆಯಡಿ ಬಾಂಬು, ಟ್ಯಾಂಕು ತೂಗಿಸಿಕೊಂಡಿದ್ದರೆ ಸ್ಟೋರ್ಸ್ ಸ್ವಿಚ್ಚನ್ನು ಕ್ಯಾಟ್ 3ಕ್ಕೆ ಹಾಕಬೇಕು, ಆಗ ಇನ್ನೂ ಕಮ್ಮಿ. ಇದೆಲ್ಲ ವಿಮಾನವನ್ನು ಕಾಪಾಡುತ್ತದೆ. ನಿಮ್ಮ ಸ್ಪೀಡನ್ನು ಕಾಪಾಡುವುದಿಲ್ಲ. ಎರಡು ಸುತ್ತು ಪೂರ್ತಿ ಎಳೆದಿಟ್ಟುಕೊಂಡರೆ 450 ನಾಟ್ ಇದ್ದದ್ದು 250ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ನೀವು ನೇತುಹಾಕಿದ ಬಲೂನು.

ಎಫ್-16ನ ನಿಜವಾದ ಆಟ ಇರುವುದೇ ಇಲ್ಲಿ. ಸ್ಪೀಡು 400ರಿಂದ 450 ನಾಟ್ ನಡುವೆ ನಿಲ್ಲುವ ಹಾಗೆ, ಸ್ಟಿಕ್ಕನ್ನು ಕೂದಲೆಳೆಯಷ್ಟು ಬಿಟ್ಟು, ಕೂದಲೆಳೆಯಷ್ಟು ಎಳೆದು, ಸುತ್ತು ಮುಗಿಯುವಾಗ ಎದುರಾಳಿಗಿಂತ ಐದು ಡಿಗ್ರಿ ಮುಂದಿರುವುದು. ಹೊರಗಿನಿಂದ ನೋಡಿದವರಿಗೆ ಏನೂ ಆಗುತ್ತಿಲ್ಲ ಅನಿಸುತ್ತದೆ. ಒಳಗೆ ಕೂತವನ ಅಂಗೈ ಬೆವರಿರುತ್ತದೆ.

ಆದರೂ ಸಪ್ಪೆ ಅನಿಸುತ್ತದೆ. ಅದು ನನ್ನ ಭ್ರಮೆನಾ?

ಭ್ರಮೆ ಅಲ್ಲ. ನಿಜವಾದ ಎಫ್-16 ಪೈಲಟ್‌ಗೆ 9 ಜಿ ಅಂದರೆ ಎದೆಯ ಮೇಲೆ ಆನೆ ಕೂತ ಹಾಗೆ. ಅವನ ಸ್ಟಿಕ್ ಏನೂ ಹೇಳದಿದ್ದರೂ ಮೈ ಎಲ್ಲ ಹೇಳುತ್ತದೆ. ನಮಗೆ ಆ ಭಾರ ಇಲ್ಲ. ಊಟದ ಮೇಜಿಗೆ ಕ್ಲಾಂಪ್ ಹಾಕಿದ ಸ್ಟಿಕ್ಕು, ಪಕ್ಕದಲ್ಲಿ ಆರಿದ ಕಾಫಿ, ಅಷ್ಟೇ. ಸಿಮ್‌ನಲ್ಲಿ ನಮಗೆ ಸಿಗುವ ಸುಳಿವು ಕಣ್ಣಿನಿಂದ, ಕಿವಿಯಿಂದ. ಫ್ಯಾಂಟಮ್, ಟಾಮ್‌ಕ್ಯಾಟ್, ಮಿಗ್-21 ತರದ ವಿಮಾನಗಳು ನಡುಗಿ, ನರಳಿ, ರೆಕ್ಕೆ ತೂಗಿ ಪರದೆಯ ಮೇಲೇ ಗಲಾಟೆ ಮಾಡುತ್ತವೆ. ಎಫ್-16 ಮಾಡುವ ಗಲಾಟೆ ಅದಕ್ಕಿಂತ ಕಮ್ಮಿ. ಹಾಗಾಗಿ ಜಿ ಇಲ್ಲದ ಕುರ್ಚಿಯಲ್ಲಿ ಅದು ಮೌನವಾಗಿ ಕಾಣುತ್ತದೆ.

ಕುರ್ಚಿಗೆ ಕಟ್ಟಿ ಅದನ್ನು ನಡುಗಿಸುವ ಬಾಸ್ ಶೇಕರ್ ಹಾಕಿಕೊಂಡವರು ಈ ದೂರನ್ನು ಕಮ್ಮಿ ಹೇಳುತ್ತಾರೆ. ನನ್ನ ಹತ್ತಿರ ಇಲ್ಲ. ಕೆಳಗಿನ ಮನೆಯವರಿಗೆ ಈಗಾಗಲೇ ನನ್ನ ಮೇಲೆ ಸಾಕಷ್ಟು ಕೋಪ ಇದೆ.

ನಿಜವಾದ ಎಫ್-16ನ ಸ್ಟಿಕ್ ಅಲುಗಾಡುವುದೇ ಇಲ್ಲವಂತೆ, ಹೌದಾ?

ಮೊದಲು ಹಾಗೇ ಇತ್ತು. ಬಲಗಡೆಯ ಸ್ಟಿಕ್ ಗೋಡೆಗೆ ಹೊಡೆದ ಗೂಟದ ಹಾಗೆ. ಎಷ್ಟು ಜೋರಾಗಿ ಒತ್ತುತ್ತೀರಿ ಅನ್ನುವುದನ್ನು ಮಾತ್ರ ಅಳೆಯುತ್ತಿತ್ತು.

ಇದರಿಂದ ಆದ ಒಂದು ಫಜೀತಿ ಇದೆ. 1974ರ ಜನವರಿ 20, ಎಡ್ವರ್ಡ್ಸ್ ವಾಯುನೆಲೆ. ಟೆಸ್ಟ್ ಪೈಲಟ್ ಫಿಲ್ ಓಸ್ಟ್ರಿಕರ್ ಅವರು ಎಫ್-16ರ ಮೊದಲ ಮಾದರಿಯಾದ ವೈಎಫ್-16 ಅನ್ನು ರನ್‌ವೇ ಮೇಲೆ ಜೋರಾಗಿ ಓಡಿಸಿ ನೋಡುತ್ತಿದ್ದರು. ಹಾರಿಸುವ ಯೋಚನೆಯೇ ಇರಲಿಲ್ಲ. ರೋಲ್ ಕಂಟ್ರೋಲ್ ವಿಪರೀತ ಚುರುಕಾಗಿತ್ತು. ವಿಮಾನ ಎಡಕ್ಕೂ ಬಲಕ್ಕೂ ಓಲಾಡಲು ಶುರುಮಾಡಿ, ಬಾಲದ ರೆಕ್ಕೆ ನೆಲಕ್ಕೆ ಉಜ್ಜಿತು. ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗುವುದಕ್ಕಿಂತ ಮೇಲೆ ಹೋಗುವುದೇ ವಾಸಿ ಅಂತ ಅವರು ಪವರ್ ಕೊಟ್ಟು ಹಾರಿಸಿಯೇಬಿಟ್ಟರು. ಆರು ನಿಮಿಷ ಸುತ್ತಾಡಿ ಹುಷಾರಾಗಿ ಇಳಿಸಿದರು. ಅಧಿಕೃತ ಮೊದಲ ಹಾರಾಟ ಅಂತ ಲೆಕ್ಕಕ್ಕೆ ಬಂದಿದ್ದು ಫೆಬ್ರವರಿ 2ರದು.

ಆಮೇಲೆ ಸ್ಟಿಕ್ಕಿಗೆ ಕಾಲು ಇಂಚಿನಷ್ಟು ಅಲುಗಾಟ ಕೊಟ್ಟರು. ಚೂರೂ ಮಿಸುಕದ ಸ್ಟಿಕ್ ಪೈಲಟ್‌ಗಳ ಕೈಗೆ ಒಗ್ಗಲಿಲ್ಲ. ಅದೇ ತರದ, ಒತ್ತಡ ಅಳೆಯುವ ಸ್ಟಿಕ್ ಬೇಸ್‌ಗಳು ಸಿಮ್ ಆಡುವವರಿಗೂ ಸಿಗುತ್ತವೆ. ಒಬ್ಬ ಗೆಳೆಯನ ಮನೆಯಲ್ಲಿ ಒಂದು ಸಂಜೆ ಹಿಡಿದು ನೋಡಿದೆ. ಅರ್ಧ ಗಂಟೆ ಅದ್ಭುತ ಅನಿಸಿತು. ಒಂದು ಗಂಟೆಗೆ ಮಣಿಕಟ್ಟು ಹಿಡಿದುಕೊಂಡಿತು.

ಎಫ್-16 ಮತ್ತು ಹಾರ್ನೆಟ್ ಎರಡೂ ಫ್ಲೈ ಬೈ ವೈರ್. ಮತ್ತೆ ಯಾಕೆ ಅಷ್ಟು ಬೇರೆ ಬೇರೆ?

ಕಂಪ್ಯೂಟರಿಗೆ ಬರೆದುಕೊಟ್ಟ ನಿಯಮ ಬೇರೆ ಬೇರೆ. ಫ್ಲೈ ಬೈ ವೈರ್ ಅಂದಾಕ್ಷಣ ಎಲ್ಲ ಒಂದೇ ರುಚಿ ಅಂದುಕೊಳ್ಳಬೇಡಿ. ಬಿಸಿಬೇಳೆಬಾತ್ ಪ್ರತಿ ಮನೆಯಲ್ಲೂ ಬೇರೆ ತಾನೇ.

ಹಾರ್ನೆಟ್ ಹಡಗಿನ ಮೇಲೆ ಇಳಿಯಬೇಕಾದ ವಿಮಾನ, ಹಾಗಾಗಿ ನಿಧಾನವಾಗಿ ಹಾರುವುದೇ ಅದರ ಕುಲಕಸುಬು. ಎಒಎ 30 ಡಿಗ್ರಿ ದಾಟಿದರೂ ಮೂಗು ಹೇಳಿದ ಮಾತು ಕೇಳುತ್ತದೆ. ಎಫ್-16ನಲ್ಲಿ ಲಿಮಿಟರ್ "ಇಷ್ಟೇ" ಅಂತ ಬಾಗಿಲು ಹಾಕುವ ಜಾಗದಲ್ಲಿ ಹಾರ್ನೆಟ್ ಇನ್ನೂ ತಿರುಗುತ್ತಿರುತ್ತದೆ. ಜಿ ಲೆಕ್ಕದಲ್ಲಿ ಮಾತ್ರ ಅದು ಜಿಪುಣ. 7.5 ಜಿಗೆ ನಿಲ್ಲಿಸುತ್ತದೆ.

ಸ್ಟಿಕ್ಕಿನ ಮುಂದೆ ಕಿರುಬೆರಳಿಗೆ ಸಿಗುವ ಪ್ಯಾಡಲ್ ಒತ್ತಿ ಹಿಡಿದರೆ ಆ ಮಿತಿ ಸುಮಾರು ಮೂರನೇ ಒಂದು ಭಾಗ ಸಡಿಲವಾಗುತ್ತದೆ. ನಿಜದಲ್ಲಿ ಅದು ಪ್ರಾಣಕ್ಕೆ ಬಂದಾಗ ಮಾತ್ರ, ಆಮೇಲೆ ವಿಮಾನವನ್ನು ಬಿಚ್ಚಿ ನೋಡಬೇಕು. ಸಿಮ್‌ನಲ್ಲಿ ಬಿಚ್ಚಿ ನೋಡುವವರು ಯಾರೂ ಇಲ್ಲ. ಹಾಗಾಗಿ ಕೆಲವರ ಕಿರುಬೆರಳು ಅಲ್ಲಿಂದ ಏಳುವುದೇ ಇಲ್ಲ. ನಮ್ಮ ಗುಂಪಿನಲ್ಲಿ ಪ್ಯಾಡಲ್ ಮುಟ್ಟುವ ಹಾಗಿಲ್ಲ ಅಂತ ಮೊದಲೇ ಮಾತಾಡಿಕೊಂಡು ಇಳಿಯುತ್ತೇವೆ. ಆದರೂ ಜಗಳ ತಪ್ಪಿದ್ದಲ್ಲ.

ಇಳಿಯುವಾಗಂತೂ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಹಾರ್ನೆಟ್‌ನಲ್ಲಿ ಚಕ್ರ, ಫ್ಲ್ಯಾಪ್ ಇಳಿಸಿದ ಮೇಲೆ ಕಂಪ್ಯೂಟರ್ ನೀವು ಟ್ರಿಮ್ ಮಾಡಿದ (ಸ್ಟಿಕ್ ಒತ್ತದೆಯೂ ನಿಲ್ಲುವ ಹಾಗೆ ಹೊಂದಿಸಿದ) ಎಒಎಯನ್ನು ಹಿಡಿದುಕೊಳ್ಳುತ್ತದೆ. 8.1 ಡಿಗ್ರಿಗೆ ಟ್ರಿಮ್ ಮಾಡಿ ಸ್ಟಿಕ್ಕನ್ನು ಹೆಚ್ಚುಕಮ್ಮಿ ಮರೆತುಬಿಡಿ. ಏರಿಳಿತವನ್ನೆಲ್ಲ ಥ್ರಾಟಲ್‌ನಲ್ಲೇ ಮಾಡಬೇಕು. ಸ್ಟಿಕ್ಕಿನಿಂದಲೇ ಇಳಿಸಲು ಹೋದವರು ಹಡಗಿನ ಹಿಂಭಾಗಕ್ಕೆ ಬಡಿಯುತ್ತಾರೆ. ನಾನು ಎಷ್ಟು ಸಲ ಬಡಿದಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ.

ಮಿರಾಜ್ 2000 ಹೇಗೆ?

ನನಗೆ ಇವೆಲ್ಲದರಲ್ಲಿ ತುಂಬಾ ಇಷ್ಟವಾದದ್ದು ಅದೇ. 1978ರಲ್ಲಿ ಮೊದಲು ಹಾರಿತು, ನಮ್ಮ ವಾಯುಪಡೆಗೆ 1985ರಲ್ಲಿ ಬಂತು, ಇಲ್ಲಿ ವಜ್ರ ಅಂತ ಹೆಸರು. ಅದರ ಸ್ಟಿಕ್ಕಿನ ಹಾದಿಯಲ್ಲಿ ಒಂದು ಎಲಾಸ್ಟಿಕ್ ತಡೆ ಇದೆ. ಅಲ್ಲಿವರೆಗೆ ಎಳೆದರೆ ಮಾಮೂಲಿ ಮಿತಿ. ತಡೆಯನ್ನು ಮೀರಿ ಜಗ್ಗಿದರೆ ಇನ್ನಷ್ಟು ಜಿ. ಅಂದರೆ ಕಂಪ್ಯೂಟರಿನ ಜೊತೆ ವಾದ ಮಾಡಲು ಒಂದು ಅವಕಾಶ ಇಟ್ಟಿದ್ದಾರೆ. ಮನೆಯ ಸ್ಟಿಕ್ಕಿನಲ್ಲಿ ಆ ತಡೆ ಕೈಗೆ ಸಿಗುವುದಿಲ್ಲ ಅನ್ನುವುದೊಂದೇ ಬೇಜಾರು. ಅದರ ಡೆಲ್ಟಾ (ತ್ರಿಕೋನದ) ರೆಕ್ಕೆ ಮೊದಲ ಎಳೆತದಲ್ಲಿ ಮೂಗನ್ನು ಫಟ್ಟನೆ ತಿರುಗಿಸುತ್ತದೆ, ಅಷ್ಟೇ ಬೇಗ ಸ್ಪೀಡನ್ನೂ ತಿಂದುಹಾಕುತ್ತದೆ. ಮೊದಲ ಸುತ್ತಿನಲ್ಲೇ ಕೆಲಸ ಮುಗಿಸಬೇಕು.

ಸುಖೋಯ್-27 ಕೋಬ್ರಾ ಹೊಡೆಯುತ್ತದಲ್ಲ. ಅದರಲ್ಲಿ ಲಿಮಿಟರ್ ಇಲ್ಲವಾ?

ಇದೆ. ಅದನ್ನು ಆಫ್ ಮಾಡಿಯೇ ಕೋಬ್ರಾ ಹೊಡೆಯುವುದು. ಸು-27ರಲ್ಲಿ ಮೂಗು ಏರಿಸಿಳಿಸುವ ಭಾಗ ಮಾತ್ರ ಫ್ಲೈ ಬೈ ವೈರ್, ಉಳಿದದ್ದು ಹಳೇ ಯಾಂತ್ರಿಕ ಜೋಡಣೆ. 1989ರ ಪ್ಯಾರಿಸ್ ಏರ್ ಶೋನಲ್ಲಿ ವಿಕ್ಟರ್ ಪುಗಚೋವ್ ಅದನ್ನು ಹೆಡೆ ಎತ್ತಿದ ಹಾವಿನ ಹಾಗೆ ನಿಲ್ಲಿಸಿ ತೋರಿಸಿದ ಮೇಲೆ ಆ ಹೆಸರು ಎಲ್ಲರ ಬಾಯಿಗೆ ಬಂತು. ಡಿಸಿಎಸ್‌ನಲ್ಲಿ ಕೀಬೋರ್ಡಿನ ಎಸ್ ಒತ್ತಿದರೆ ಕಂಪ್ಯೂಟರ್ ಪಕ್ಕಕ್ಕೆ ಸರಿಯುತ್ತದೆ. ಹತ್ತು ನಿಮಿಷ ಆಡಿ ನೋಡಿ. ಫ್ಲೈ ಬೈ ವೈರ್ ಏನೆಲ್ಲ ಮಾಡುತ್ತಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಡಾಗ್‌ಫೈಟ್‌ನಲ್ಲಿ ಮಾತ್ರ ಮಾಡಬೇಡಿ. ನಡು ಆಕಾಶದಲ್ಲಿ ನಿಂತವನನ್ನು ಹೊಡೆಯುವುದು ಯಾರಿಗೂ ಕಷ್ಟವಲ್ಲ.

ಮಿಗ್-29?

ಹಳೇ ಮಿಗ್-29ಎ ಫ್ಲೈ ಬೈ ವೈರ್ ಅಲ್ಲ. ಹೊರಗಿನಿಂದ ಸು-27ರ ತಮ್ಮನ ಹಾಗೆ ಕಾಣುವುದರಿಂದ ತುಂಬಾ ಜನ ತಪ್ಪು ತಿಳಿಯುತ್ತಾರೆ. ಅದರ ಎಒಎ ಲಿಮಿಟರ್ ಸ್ಟಿಕ್ಕನ್ನು ಮುಂದಕ್ಕೆ ತಳ್ಳುತ್ತದೆ, ಜೋರಾಗಿ ಎಳೆದರೆ ಮೀರಬಹುದು.

ಫ್ಲೈ ಬೈ ವೈರ್ ಇದ್ದರೂ ವಿಮಾನ ಕೈತಪ್ಪುತ್ತದಾ?

ಧಾರಾಳವಾಗಿ. ಎಫ್-16 ಅನ್ನು ನೆಟ್ಟಗೆ ಮೇಲಕ್ಕೆ ಏರಿಸಿ, ಸ್ಪೀಡೆಲ್ಲ ಮುಗಿಯುವವರೆಗೆ ಸುಮ್ಮನೆ ನೋಡುತ್ತಾ ಕೂತಿರಿ. ರೆಕ್ಕೆಗೆ ಗಾಳಿಯೇ ಇಲ್ಲದಿದ್ದರೆ ಕಂಪ್ಯೂಟರ್ ತಾನೇ ಏನು ಮಾಡೀತು? ಮೂಗು ಕೆಳಗೆ ಬರುವ ಬದಲು 50-60 ಡಿಗ್ರಿ ಎಒಎಯಲ್ಲಿ ಸಿಕ್ಕಿಕೊಂಡು, ವಿಮಾನ ಎಲೆಯ ಹಾಗೆ ತೊನೆಯುತ್ತಾ ಬೀಳುತ್ತದೆ. ಇದಕ್ಕೆ ಡೀಪ್ ಸ್ಟಾಲ್ ಅನ್ನುತ್ತಾರೆ. ಸ್ಟಿಕ್ ಮುಂದಕ್ಕೆ ತಳ್ಳಿದರೆ ಏನೂ ಆಗುವುದಿಲ್ಲ.

ಬಿಡಿಸಿಕೊಳ್ಳುವ ರೀತಿ ಚೆನ್ನಾಗಿದೆ. ಎಡಗಡೆ ಎಂಪಿಒ ಅನ್ನುವ ಸ್ವಿಚ್ ಇದೆ, ಅದು ಬಾಲದ ರೆಕ್ಕೆಯನ್ನು ನೇರವಾಗಿ ನಿಮ್ಮ ಕೈಗೆ ಕೊಡುತ್ತದೆ. ಅದನ್ನು ಒತ್ತಿ ಹಿಡಿದು, ವಿಮಾನ ತೊನೆಯುವ ಲಯಕ್ಕೆ ಸರಿಯಾಗಿ ಸ್ಟಿಕ್ಕನ್ನು ಹಿಂದೆ, ಮುಂದೆ, ಹಿಂದೆ, ಮುಂದೆ. ಉಯ್ಯಾಲೆ ಜೀಕಿದ ಹಾಗೆ. ಮೂಗು ಪ್ರತಿ ಸಲ ಸ್ವಲ್ಪ ಜಾಸ್ತಿ ಕೆಳಗೆ ಹೋಗುತ್ತದೆ. ಒಂದು ಸಲ ಧಡಕ್ಕನೆ ಬಿದ್ದು ಸ್ಪೀಡ್ ಹಿಡಿಯುತ್ತದೆ. ಲಯ ತಪ್ಪಿದರೆ ಮತ್ತೆ ಮೊದಲಿಂದ. ನನ್ನ ಮೊದಲ ಪ್ರಯತ್ನ 25,000 ಅಡಿಯಲ್ಲಿ ಶುರುವಾಗಿ ನೆಲದ ಮೇಲೆ ಮುಗಿಯಿತು. ಕಂಪ್ಯೂಟರ್ ಹಾರಿಸುತ್ತದೆ ಅಂತ ಹೇಳುವುದನ್ನು ಅವತ್ತೇ ಬಿಟ್ಟೆ.

ಆಕಾಶದಲ್ಲೇ ಇಂಧನ ತುಂಬಿಸುವ ಟ್ಯಾಂಕರ್ ವಿಮಾನದ ಹಿಂದೆ ಹೋದರೆ ಮೂಗು ಮೇಲೆ ಕೆಳಗೆ ಕುಣಿಯುತ್ತದೆ. ಇದು ಫ್ಲೈ ಬೈ ವೈರ್ ದೋಷವಾ?

ಅರ್ಧ ನಿಮ್ಮದು, ಅರ್ಧ ಅದರದು. ಮೂಗು ಏರಿತು, ನೀವು ತಳ್ಳಿದಿರಿ. ಅದರ ಪರಿಣಾಮ ಕಣ್ಣಿಗೆ ಕಾಣುವ ಹೊತ್ತಿಗೆ ಇನ್ನೂ ಜಾಸ್ತಿ ತಳ್ಳಿದ್ದೀರಿ. ಈಗ ಮೂಗು ಇಳಿಯಿತು, ನೀವು ಎಳೆದಿರಿ. ಹೀಗೇ ಬೆಳೆಯುತ್ತಾ ಹೋಗುತ್ತದೆ. ಇದಕ್ಕೆ ಪಿಐಒ ಅನ್ನುತ್ತಾರೆ, ಪೈಲಟ್ ತಾನೇ ಹುಟ್ಟುಹಾಕಿದ ಓಲಾಟ ಅಂತ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. ಸ್ವೀಡನ್ನಿನ ಗ್ರಿಪೆನ್ ವಿಮಾನದ ಮೊದಲ ಪ್ರೋಟೋಟೈಪ್ 1989ರ ಫೆಬ್ರವರಿಯಲ್ಲಿ ಇಳಿಯುವಾಗ ಹೀಗೇ ಓಲಾಡಿ ರನ್‌ವೇ ಮೇಲೆ ಉರುಳಿತು. 1993ರ ಆಗಸ್ಟ್‌ನಲ್ಲಿ ಇನ್ನೊಂದು ಗ್ರಿಪೆನ್ ಸ್ಟಾಕ್‌ಹೋಮ್ ನಗರದ ನಡುವೆ ಪ್ರದರ್ಶನ ಮಾಡುವಾಗ ಬಿತ್ತು. ಎರಡರಲ್ಲೂ ಒಬ್ಬರೇ ಪೈಲಟ್, ಎರಡು ಸಲವೂ ಬದುಕಿ ಬಂದರು. ಅಮೆರಿಕದ ವೈಎಫ್-22 ಕೂಡ 1992ರ ಏಪ್ರಿಲ್‌ನಲ್ಲಿ ರನ್‌ವೇ ಮೇಲೆ ಕಡಿಮೆ ಎತ್ತರದಲ್ಲಿ ಕುಣಿದು ಹೊಟ್ಟೆಯ ಮೇಲೆ ಬಿತ್ತು. ಕೈ ಕೇಳಿದ್ದಕ್ಕೂ ಕಂಪ್ಯೂಟರ್ ಕೊಟ್ಟಿದ್ದಕ್ಕೂ ನಡುವೆ ತಾಳ ತಪ್ಪಿದರೆ ಆಗುವುದು ಹೀಗೆ.

ನಿಮಗೆ ಎರಡು ಮದ್ದು. ಎಫ್-16ನಲ್ಲಿ ಇಂಧನದ ಬಾಗಿಲನ್ನು ಬೇಗನೆ ತೆರೆಯಿರಿ. ಅದು ತೆರೆದಾಗ ಕಂಪ್ಯೂಟರ್ ಲ್ಯಾಂಡಿಂಗ್ ಸಮಯದ ಮೆದು ನಿಯಮಕ್ಕೆ ಬದಲಾಗುತ್ತದೆ, ಸ್ಟಿಕ್ ಸೌಮ್ಯವಾಗುತ್ತದೆ. ಎರಡನೆಯದು, ಕಾಲ್ಬೆರಳನ್ನು ಅಲುಗಾಡಿಸಿ. ತಮಾಷೆ ಅಲ್ಲ. ಶೂ ಒಳಗಿನ ಬೆರಳು ಅಲುಗಾಡಿಸುತ್ತಿದ್ದರೆ ಮುಷ್ಟಿ ತಾನಾಗೇ ಸಡಿಲವಾಗುತ್ತದೆ. ಯಾಕೆ ಅಂತ ಕೇಳಬೇಡಿ, ಕೆಲಸ ಮಾಡುತ್ತದೆ.

ಕರ್ವ್, ಡೆಡ್‌ಝೋನ್ ಎಷ್ಟು ಇಡಬೇಕು?

ಕರ್ವ್ ಅಂದರೆ ಸ್ಟಿಕ್ ಮಧ್ಯದ ಬಳಿ ಎಷ್ಟು ಮೆದುವಾಗಿರಬೇಕು ಅನ್ನುವ ಸಿಮ್ ಸೆಟ್ಟಿಂಗ್. ಫ್ಲೈ ಬೈ ವೈರ್ ವಿಮಾನಕ್ಕೆ ಅದನ್ನು ಸೊನ್ನೆಯಿಂದಲೇ ಶುರು ಮಾಡಿ. ಕೈಯ ಚಲನೆಗೆ ತಕ್ಕ ಹಾಗೆ ಹದ ಮಾಡುವ ಕೆಲಸವನ್ನು ವಿಮಾನದ ಕಂಪ್ಯೂಟರ್ ಆಗಲೇ ಮಾಡಿದೆ. ಅದರ ಮೇಲೆ ನೀವೂ ಒಂದು ಕರ್ವ್ ಹಾಕಿದರೆ ಎರಡು ಸಲ ಉಪ್ಪು ಹಾಕಿದ ಹಾಗೆ. ಮೇಜಿನ ಮೇಲಿನ ಗಿಡ್ಡ ಸ್ಟಿಕ್ ಆದರೆ 10 ಇಟ್ಟು ನೋಡಬಹುದು. ಸ್ಪಿಟ್‌ಫೈರ್‌ನ ಎಲಿವೇಟರ್ ಅತಿ ಸೂಕ್ಷ್ಮ. ಅದಕ್ಕೆ 15-20 ಬೇಕೇ ಬೇಕು.

ಡೆಡ್‌ಝೋನ್ (ಮಧ್ಯದಲ್ಲಿ ಸ್ಟಿಕ್ಕಿನ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ವಿಷಯ ಮಾತ್ರ ಉಲ್ಟಾ. ಎಫ್-16ನಲ್ಲಿ ಸ್ಟಿಕ್ ಚೂರು ಪಕ್ಕಕ್ಕಿದ್ದರೂ ಅದು "ರೋಲ್ ಮಾಡುತ್ತಲೇ ಇರು" ಅನ್ನುವ ಆಜ್ಞೆ. ನನ್ನ ಮೊದಲ ಸ್ಟಿಕ್ಕಿನ ಪೊಟೆನ್ಶಿಯೋಮೀಟರ್ (ಸ್ಟಿಕ್ ಎಲ್ಲಿದೆ ಅಂತ ಅಳೆಯುವ ಭಾಗ) ಸವೆದು, ಕೈ ಬಿಟ್ಟರೂ ಮಧ್ಯಕ್ಕೆ ಬರುತ್ತಿರಲಿಲ್ಲ. ವಿಮಾನ ಸದಾ ಬಲಕ್ಕೆ ವಾಲುತ್ತಿತ್ತು. ಎರಡು ವಾರ ಸಿಮ್ ಮಾಡಿದವರನ್ನು ಬೈದೆ. ಆಮೇಲೆ ಆಕ್ಸಿಸ್ ಟ್ಯೂನ್ ಪರದೆ ತೆರೆದು, ಸ್ಟಿಕ್ ಮುಟ್ಟದೆ ಚುಕ್ಕಿಯನ್ನು ನೋಡಿದೆ. ಅದು ಜ್ವರ ಬಂದವರ ಹಾಗೆ ನಡುಗುತ್ತಿತ್ತು. 3 ಡೆಡ್‌ಝೋನ್ ಹಾಕಿದ ಮೇಲೆ ಸರಿಹೋಯಿತು. ಉಜ್ಜದೆ ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇರುವ ಸ್ಟಿಕ್ಕಿನಲ್ಲಿ ಈ ಸವೆತದ ಕಾಟ ಇಲ್ಲ.

ಫೋರ್ಸ್ ಫೀಡ್‌ಬ್ಯಾಕ್ ಸ್ಟಿಕ್ ತೆಗೆದುಕೊಳ್ಳಲಾ?

ಮೋಟಾರಿನಿಂದ ಕೈಗೆ ವಾಪಸ್ ಒತ್ತಡ ಕೊಡುವ ಸ್ಟಿಕ್ ಅದು. ಏನು ಹಾರಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಸ್ಪಿಟ್‌ಫೈರ್‌ನಲ್ಲಿ ಸ್ಪೀಡ್ ಏರಿದ ಹಾಗೆ ಸ್ಟಿಕ್ ಬಿಗಿಯಾಗಬೇಕು. ಮೆಸರ್‌ಶ್ಮಿಟ್ 109 ಅಂತೂ ಜೋರಾಗಿ ಧುಮುಕುವಾಗ ಸಿಮೆಂಟಿನಲ್ಲಿ ಹೂತ ಹಾಗೆ ಆಗಬೇಕು. ಟ್ರಿಮ್ ಮಾಡಿದರೆ ಸ್ಟಿಕ್ಕಿನ ಮಧ್ಯವೇ ಸರಿಯಬೇಕು. ಸ್ಪ್ರಿಂಗ್ ಸ್ಟಿಕ್ಕಿಗೆ ಇದು ಯಾವುದೂ ಬರುವುದಿಲ್ಲ. ಹಾಗಾಗಿ ಹಳೇ ವಿಮಾನ ಮತ್ತು ಹೆಲಿಕಾಪ್ಟರ್ ಪ್ರಿಯರು ಖಂಡಿತ ತೆಗೆದುಕೊಳ್ಳಲಿ.

ಎಫ್-16ಗೆ? ಬೇಡ. ಗಾಳಿ ಎಷ್ಟೇ ಹೊಡೆದರೂ ನಿಜವಾದ ಎಫ್-16ನ ಸ್ಟಿಕ್ಕಿಗೆ ಅದು ತಿಳಿಯುವುದಿಲ್ಲ. ಹಾರ್ನೆಟ್‌ನಲ್ಲೂ ಕೈಗೆ ಸಿಗುವುದು ಸ್ಪ್ರಿಂಗಿನ ಬಿಗಿಯೇ. ಅಂದರೆ ನಮ್ಮ ಮೇಜಿನ ಮೇಲಿನ ಸ್ಟಿಕ್ಕು ಮತ್ತು ಅವರ ಕಾಕ್‌ಪಿಟ್ಟಿನ ಸ್ಟಿಕ್ಕು ಒಂದೇ ಜಾತಿ. ನನಗೆ ಇದು ಹೊಳೆದಾಗ ನಗು ಬಂತು. "ನಿಜವಾದ ಹಾರಾಟದ ಅನುಭವ ಬೇಕು, ಅದಕ್ಕೇ ಸ್ಪಿಟ್‌ಫೈರ್" ಅನ್ನುವವರು ಸ್ಪ್ರಿಂಗ್ ಸ್ಟಿಕ್ ಹಿಡಿದಿದ್ದರೆ, ಅವರ ಕೈಗೆ ಸಿಗುತ್ತಿರುವುದು ಸ್ಪಿಟ್‌ಫೈರ್ ಅಲ್ಲ. ಸಪ್ಪೆ ಅಂತ ಬೈಸಿಕೊಳ್ಳುವ ಎಫ್-16 ಕೈಯ ಮಟ್ಟಿಗೆ ಅದಕ್ಕಿಂತ ನಿಜಕ್ಕೆ ಹತ್ತಿರ.

ಗೇಮ್‌ಪ್ಯಾಡ್‌ನಲ್ಲಿ ಆಡಬಹುದಾ?

ಫ್ಲೈ ಬೈ ವೈರ್ ವಿಮಾನವಾದರೆ ಆಡಬಹುದು. ಟ್ರಿಮ್, ರಡ್ಡರ್ ಎರಡೂ ಅಪರೂಪ. ಮಿಗ್-21 ಆದರೆ ಬೇಡ.

ನಮ್ಮ ತೇಜಸ್ ಎಲ್ಲಿ ನಿಲ್ಲುತ್ತದೆ?

ತೇಜಸ್ ಕೂಡ ಬಾಲಂಗೋಚಿ ಕಿತ್ತ ಪಟವೇ. ನಾಲ್ಕು ಚಾನೆಲ್‌ಗಳ ಡಿಜಿಟಲ್ ಫ್ಲೈ ಬೈ ವೈರ್, ಅದೂ ಬೆಂಗಳೂರಿನಲ್ಲಿ ಹುಟ್ಟಿದ್ದು. ಕಂಪ್ಯೂಟರ್ ಡಿಆರ್‌ಡಿಒದ ಎಡಿಇ ಪ್ರಯೋಗಾಲಯದಲ್ಲಿ ಆಯಿತು. ಕಂಟ್ರೋಲ್ ನಿಯಮ ಬರೆದ ತಂಡಕ್ಕೆ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ಮುಂದಾಳು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹಾಕಿ ಸಹಾಯ ನಿಲ್ಲಿಸಿತು. ಉಳಿದದ್ದನ್ನು ಇಲ್ಲೇ ಮುಗಿಸಿದರು. ಹಾರುವ ಮುಂಚೆ ಆ ನಿಯಮಗಳನ್ನು ಎಡಿಇಯ ಸಿಮ್ಯುಲೇಟರ್‌ನಲ್ಲಿ ಕೂತು, ಮತ್ತೆ ಮತ್ತೆ ಹಾರಿಸಿ ತಿದ್ದಿದರು. ಅಂದರೆ ಸಿಮ್ಯುಲೇಟರ್ ಇಲ್ಲದೆ ಆ ವಿಮಾನವೇ ಇಲ್ಲ.

2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದನ್ನು ಮೊದಲು ಹಾರಿಸಿದರು. ಯಲಹಂಕದ ಏರೋ ಇಂಡಿಯಾದಲ್ಲಿ ತೇಜಸ್ ಪ್ರದರ್ಶನ ನೋಡುವಾಗ ಒಂದು ಕೆಲಸ ಮಾಡಿ. ತಿರುವು ಮುಗಿಸಿ ಅದು ನೇರವಾಗುವ ಕ್ಷಣ ನೋಡಿ. ರೆಕ್ಕೆ ಟಕ್ಕನೆ ನಿಲ್ಲುತ್ತದೆ, ಆಮೇಲೆ ಒಂದು ಚೂರೂ ತೂಗುವುದಿಲ್ಲ. ಆ ಟಕ್ಕನೆ ನಿಲ್ಲುವುದೇ ಫ್ಲೈ ಬೈ ವೈರ್.

ಖರ್ಚಿಲ್ಲದೆ ಈ ವ್ಯತ್ಯಾಸವನ್ನು ನಾನೇ ನೋಡುವುದು ಹೇಗೆ?

ಒಂದು ಸಂಜೆ ಸಾಕು. ಡಿಸಿಎಸ್ ಉಚಿತ, ಅದರ ಜೊತೆ ಟಿಎಫ್-51 ಮಸ್ಟಾಂಗ್ ಕೂಡ ಉಚಿತವಾಗಿ ಬರುತ್ತದೆ. ಎಫ್-16 ಅನ್ನು 14 ದಿನದ ಟ್ರಯಲ್‌ನಲ್ಲಿ ತೆಗೆದುಕೊಳ್ಳಿ.

ಮೊದಲು ಮಸ್ಟಾಂಗ್. 10,000 ಅಡಿಯಲ್ಲಿ ನೇರವಾಗಿ ಟ್ರಿಮ್ ಮಾಡಿ, ಸ್ಟಿಕ್ ಮೇಲಿಂದ ಕೈ ತೆಗೆಯಿರಿ. ಈಗ ಥ್ರಾಟಲ್ ಪೂರ್ತಿ ಹಿಂದಕ್ಕೆ. ಮೂಗು ಒಂದು ಪಕ್ಕಕ್ಕೆ ಎಳೆಯುತ್ತದೆ, ಆಮೇಲೆ ಕೆಳಗೆ ಬೀಳುತ್ತದೆ. ಕಳೆದುಹೋದ ಸ್ಪೀಡನ್ನು ತಾನೇ ಹುಡುಕಿಕೊಂಡು ಹೊರಟಿದೆ.

ನಂತರ ಎಫ್-16. ಅದೇ ಎತ್ತರ, 350 ನಾಟ್. ಕೈ ತೆಗೆದು ಥ್ರಾಟಲ್ ಹಿಂದಕ್ಕೆ. ಮೂಗು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಸ್ಪೀಡು ಮಾತ್ರ ಇಳಿಯುತ್ತಾ ಹೋಗುತ್ತದೆ. 300, 250, 200. ವಿಮಾನ ಏನೂ ಆಗಿಲ್ಲ ಅನ್ನುವ ಹಾಗೆ ಹಾರುತ್ತಿರುತ್ತದೆ, ಸ್ಪೀಡ್ ತೀರಾ ಕಮ್ಮಿಯಾಯಿತು ಅಂತ ಎಚ್ಚರಿಸುವ ಹಾರ್ನ್ ಕೂಗುವವರೆಗೆ. ಹಾರ್ನ್ ಕೂಗಿದಾಗ ಥ್ರಾಟಲ್ ಮುಂದಕ್ಕೆ ತಳ್ಳಿ ನೋಡಿ, ಎಂಜಿನ್ ಎದ್ದು ಸ್ಪೀಡ್ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಎಣಿಸಿ. ಆ ಹೊತ್ತಿನಲ್ಲಿ ಹಿಂದೆ ಒಬ್ಬ ಇದ್ದಾನೆ ಅಂದುಕೊಂಡು ಎಣಿಸಿ.